ಮೋರಿಸ್ ಮೈನರ್ ಬ್ರೇಕ್ ಸಾಮಾನು, ಜೆ.ಸಿ. ರೋಡ್ ಅಂಗಡಿ: 5ಕ್ಕೆ 4

ಮೊದಲನೇ ಸಲ ಹೋದಾಗ ಇಲ್ಲಿನ ಯಜಮಾನ್ರು ನಂಗೆ ಏನೂ ಮಾರ್ಲಿಲ್ಲ, ಬರೀಗೈಲಿ ವಾಪಸ್ ಕಳ್ಸಿದ್ರು. ಅದಕ್ಕೇ ಈ ರಿವ್ಯೂ.

ಗಾಡಿ ನಮ್ಮ ಮಾವಂದು, ಮೋರಿಸ್ ಮೈನರ್, ಆರ್‌ಸಿಲಿ 1954 ಅಂತಿದೆ. ಆ ಕಾಲದಲ್ಲಿ ಹಿಂದುಸ್ಥಾನ್ ಮೋಟಾರ್ಸ್‌ನೋರು ಇದೇ ಗಾಡೀನ ಬೇಬಿ ಹಿಂದುಸ್ಥಾನ್ ಅಂತ ಮಾರ್ತಿದ್ರಲ್ಲ, ಮಾವ ಈಗ್ಲೂ ಬೇಬಿ ಅಂತ್ಲೇ ಕರೆಯೋದು (ಅತ್ತೆಗೆ ಇದು ಸುತರಾಂ ಇಷ್ಟ ಇಲ್ಲ). ಪೆಡಲ್ ಮೂರು ಸಲ ತುಳಿದ್ರೆ ಬ್ರೇಕ್ ಹಿಡೀತಿತ್ತು, ಅದೂ ಎಡಕ್ಕೆ ಎಳ್ಕೊಂಡು.

ನಾನೇ ಬುದ್ಧಿವಂತ ಅನ್ಕೊಂಡು ಮೊದ್ಲು ಇಂಗ್ಲೆಂಡಿಂದ ಆನ್‌ಲೈನಲ್ಲಿ ಮುಂದಿನ ಬ್ರೇಕ್ ಶೂ (ಚಕ್ರದ ಜೊತೆ ತಿರುಗೋ ಡ್ರಮ್ಮಿಗೆ ಒಳಗಿಂದ ಒತ್ತೋ ಬಿಲ್ಲಿನಾಕಾರದ ಪಟ್ಟಿ) ತರ್ಸಿದ್ದೆ, ಅವ್ರ ಪಟ್ಟೀಲಿ ಮೈನರ್ 1948ರಿಂದ 1971 ಅಂತ ಇತ್ತು, ನಮ್ದೂ ಅದ್ರೊಳಗೇ ಬರತ್ತಲ್ಲ ಅಂತ ಆರ್ಡರ್ ಹಾಕ್ದೆ, ಕಸ್ಟಮ್ಸ್ ಕಟ್ಟಿ ಬಿಡಿಸ್ಕೊಂಡು ಮನೆಗೆ ತಂದು ನೋಡಿದ್ರೆ ಡ್ರಮ್ ಒಳಗೆ ಕೂರ್ಲೇ ಇಲ್ಲ. ಯಾರಂಗಡಿ ಅಂತ ಹೇಳಲ್ಲ, ದುಡ್ಡಂತೂ ವಾಪಸ್ ಬರ್ಲಿಲ್ಲ.

ಆಮೇಲೆ ಇಲ್ಲಿಗೆ ಬಂದೆ. ಯಾವ ವರ್ಷದ ಗಾಡಿ ಅಂತ ಕೇಳ್ತಾರೆ ಅನ್ಕೊಂಡು ಆರ್‌ಸಿ ಜೆರಾಕ್ಸ್ ಕೈಲಿ ಹಿಡ್ಕೊಂಡು ನಿಂತಿದ್ದೆ, ಅವ್ರು ಅದನ್ನ ನೋಡ್ಲೂ ಇಲ್ಲ. "ಡ್ರಮ್ ತಂದಿದೀರಾ ಸಾರ್?" ಅಂದ್ರು. ಇಲ್ಲ ಅಂದೆ. "ನಾಳೆ ಡ್ರಮ್ಮು, ಹಳೇ ಶೂ, ಸಿಲಿಂಡರು, ಹೋಸು ಎಲ್ಲಾ ಬಿಚ್ಕೊಂಡು ಬನ್ನಿ, ಬಾಯ್ಮಾತಲ್ಲಿ ಬ್ರೇಕ್ ಕೊಡಲ್ಲ ನಾನು." (ಸಿಲಿಂಡರ್ ಅಂದ್ರೆ ಎಣ್ಣೆ ಒತ್ತಡದಲ್ಲಿ ಶೂನ ಡ್ರಮ್ಮಿಗೆ ತಳ್ಳೋದು, ಹೋಸ್ ಅಂದ್ರೆ ಅಲ್ಲಿಗೆ ಎಣ್ಣೆ ಒಯ್ಯೋ ರಬ್ಬರ್ ಪೈಪು.)

ಮಾರನೇ ದಿನ ಎಲ್ಲಾನೂ ಅಕ್ಕಿ ಚೀಲದಲ್ಲಿ ತುಂಬ್ಕೊಂಡು ಹೋದೆ. ವರ್ನಿಯರ್ ತಗೊಂಡು ಡ್ರಮ್ ಒಳಗಡೆ ಮೂರು ಕಡೆ ಅಳೆದ್ರು, 178 ಮಿಲಿಮೀಟರ್ ಮತ್ತು ಚಿಲ್ರೆ, ಅಂದ್ರೆ ಸವೆದಿರೋ ಏಳಿಂಚಿನ ಡ್ರಮ್. ನಾನು ತರ್ಸಿದ್ದು ಎಂಟಿಂಚಿನ ಶೂ! ವಿಷಯ ಏನಪ್ಪಾ ಅಂದ್ರೆ 918 ಸಿಸಿ, 803, 948 ಈ ಮೂರು ಎಂಜಿನ್ ಕಾಲದಲ್ಲೂ ಮೈನರ್ ಮುಂದಿನ ಡ್ರಮ್ ಏಳಿಂಚೇ, 1962ರಲ್ಲಿ 1098 ಸಿಸಿ ಬಂದಾಗ ಮುಂದಿಂದು ಮಾತ್ರ ಎಂಟಾಯ್ತು, ಹಿಂದಿಂದು ಕೊನೇವರ್ಗೂ ಏಳೇ. ಹಂಗಂತ ಎಂಜಿನ್ ನೋಡಿ ಬ್ರೇಕ್ ತಗೋಬೇಡಿ, ಈ ಗಾಡಿಗಳಲ್ಲಿ ಎಷ್ಟಕ್ಕೆ ಎಂಜಿನ್ ಬದಲಾಗಿದ್ಯೋ ಲೆಕ್ಕ ಇಲ್ಲ. ಮುಂದಕ್ಕೆ ಎಂಟಿಂಚು ಹಾಕೊಳೋಣ ಅಂದ್ರೂ ಬ್ಯಾಕ್‌ಪ್ಲೇಟು (ಶೂ, ಸಿಲಿಂಡರ್ ಕೂರೋ ತಟ್ಟೆ), ಸಿಲಿಂಡರು, ಶೂ, ಡ್ರಮ್ಮು ಎರಡೂ ಕಡೆಗೆ ಪೂರ್ತಿ ಸೆಟ್ ಬೇಕು, ಬರೀ ಶೂ ತಂದು ಏನೂ ಮಾಡಕ್ಕಾಗಲ್ಲ.

ನಂಗೆ ನಿಜವಾಗ್ಲೂ ಬೆವರು ಬಂದಿದ್ದು ಹೋಸ್ ನೋಡಿದಾಗ. ಹಿಂದೆ ಯಾರೋ ಮೆಕ್ಯಾನಿಕ್ ಒಂದು ಮುಂದಿನ ಚಕ್ರಕ್ಕೆ ಬೇರೆ ಗಾಡಿ ಹೋಸ್ ಹಾಕಿದ್ದ. ಯಜಮಾನ್ರು ನಮ್ಮ ಪೈಪಿನ ನಟ್ ತಗೊಂಡು ಆ ಹೋಸಿಗೆ ಬೆರಳಲ್ಲೇ ತಿರುಗಿಸಿದ್ರು, ಸಲೀಸಾಗಿ ಹೋಯ್ತು, ಸರಿಯಾಗಿದ್ಯಲ್ಲ ಅಂದೆ. ಹಿಡ್ದು ಅಲ್ಲಾಡಿಸಿ ತೋರ್ಸಿದ್ರು, ಲೊಡಲೊಡ ಅಂತು. ನಟ್ಟು ಇಂಚಿನ ಲೆಕ್ಕದ್ದು, 3/8, ಅಂದ್ರೆ ಒಂಬತ್ತೂವರೆ ಮಿಲಿಮೀಟರ್, ಹೋಸು 10 ಮಿಲಿಮೀಟರ್ ಮೆಟ್ರಿಕ್. ಥ್ರೆಡ್ಡೂ ಹೆಚ್ಚೂಕಮ್ಮಿ ಒಂದೇ ಥರ ಇರೋದ್ರಿಂದ ಒಳಗೇನೋ ಹೋಗತ್ತೆ, ಆದ್ರೆ ತುದೀಲಷ್ಟೇ ಕಚ್ಕೊಂಡಿರತ್ತೆ, ಜೋರಾಗಿ ಬ್ರೇಕ್ ತುಳಿದ ದಿನ ಕಿತ್ಕೊಂಡು ಬರತ್ತೆ. ಈ ಗಾಡೀಲಿ ನಾವು ನಂದಿ ಬೆಟ್ಟ ಇಳಿದಿದೀವಿ ರೀ.

ವೀಲ್ ಸಿಲಿಂಡರ್ ಹೊಸದೇ ಕೊಡಿ ಅಂದ್ರೆ ಅದಕ್ಕೂ ಅಡ್ಡ ಬಂದ್ರು. ಮುಂದೆ ಒಂದೊಂದು ಚಕ್ರಕ್ಕೆ ಎರಡೆರಡು ಇರತ್ತೆ, ನಾಲ್ಕನ್ನೂ ಬಟ್ಟೇಲಿ ಒರೆಸಿ ಟಾರ್ಚ್ ಬಿಟ್ಟು ನೋಡಿ, ಎರಡಕ್ಕೆ ಬರೀ ರಬ್ಬರ್ ಕಿಟ್ ಸಾಕು, ಇನ್ನೆರಡರಲ್ಲಿ ತುಕ್ಕು ತಿಂದು ಗುಳಿ ಬಿದ್ದಿದೆ, ಲೇತಲ್ಲಿ ಕೊರೆಸಿ ಸ್ಲೀವ್ (ಒಳಗೆ ಹೊಸ ಲೋಹದ ಕೊಳವೆ) ಹಾಕ್ಸೋಣ ಅಂದ್ರು. ಹಂಗೇ ಮಾಡ್ಸಿದ್ವಿ. ಹಳೇ ಶೂಗಳಿಗೇ ಹೊಸ ಲೈನಿಂಗ್ (ಡ್ರಮ್ಮಿಗೆ ಉಜ್ಜೋ ಪದರ) ಹೊಡೆಸಿದ್ವಿ. ಬ್ರೇಕ್ ಎಣ್ಣೆ ಡಾಟ್ 4 ಕೊಟ್ರು. ಡಾಟ್ 5 ಅನ್ನೋದು ಸಿಲಿಕಾನ್, ಹೆಸರು ನೋಡಿ ಇದಕ್ಕಿಂತ ಒಳ್ಳೇದಿರ್ಬೇಕು ಅಂತ ಇದ್ರ ಜೊತೆ ಬೆರೆಸ್ಬೇಡಿ. ಡಾಟ್ 4 ಪೇಂಟ್ ಮೇಲೆ ಚೆಲ್ಲಿದ್ರೆ ಪೇಂಟ್ ಎದ್ದು ಬರತ್ತೆ, ನಮ್ಮ ಬಾಗಿಲ ಹತ್ರ ಒಂದು ರೂಪಾಯಿ ಅಗಲಕ್ಕೆ ಸಾಕ್ಷಿ ಇದೆ.

ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಎಣ್ಣೇನ ಚಕ್ರಗಳ ಕಡೆ ತಳ್ಳೋ ಮುಖ್ಯ ಸಿಲಿಂಡರ್) ಮಾತ್ರ ಇವ್ರ ಹತ್ರ ಸಿಗ್ಲಿಲ್ಲ, ಅದಕ್ಕೆ ಕಾಯ್ತಾ ಇದೀವಿ. ಅದಿರೋದು ಡ್ರೈವರ್ ಕಾಲ ಕೆಳಗೆ ಚಾಸಿ ಒಳಗಡೆ, ಎಣ್ಣೆ ಹಾಕೋಕೂ ಮ್ಯಾಟ್ ಎತ್ಬೇಕು, ಬಿಚ್ಚೋಣ ಅಂದ್ರೆ ಬೋಲ್ಟಿಗೆ ಟಾರ್ಷನ್ ಬಾರ್ (ಸ್ಪ್ರಿಂಗ್ ಥರ ಕೆಲಸ ಮಾಡೋ ಸಸ್ಪೆನ್ಷನ್ ಸರಳು) ಅಡ್ಡ. ಡಿಸೈನ್ ಮಾಡಿದ್ದು ಇಸಿಗೋನಿಸ್ ಅಂತೆ, ದೊಡ್ಡ ಮನುಷ್ಯ, ಮಿನಿ ಕಾರೂ ಅವ್ರದ್ದೇ, ಆದ್ರೂ ಕಾರಿನ ಕೆಳಗೆ ಮಲಗಿದ್ದಾಗ ಅವ್ರನ್ನ ಸ್ವಲ್ಪ ಬೈದ್ಕೊಂಡೆ.

ಒಂದು ಸ್ಟಾರ್ ಕಡಿಮೆ ಯಾಕಂದ್ರೆ, ಲೈನಿಂಗಿಗೆ ನಾಲ್ಕು ದಿನ ಅಂದಿದ್ದು ಹನ್ನೆರಡು ದಿನ ಆಯ್ತು, ಫೋನ್ ಎತ್ತಲ್ಲ, ಬಿಲ್ ಎರಡು ಸಲ ಕೇಳ್ಬೇಕು. ಪಾರ್ಕಿಂಗ್ ಬಗ್ಗೆ ಜೆ.ಸಿ. ರೋಡ್ ಗೊತ್ತಿರೋರಿಗೆ ಹೇಳೋದೇ ಬೇಡ, ಆಟೋದಲ್ಲಿ ಹೋಗಿ, ಚೀಲ ಗಟ್ಟಿದು ತಗೊಂಡೋಗಿ.

ಈಗ ಒಂದೇ ತುಳಿತಕ್ಕೆ ನೆಟ್ಟಗೆ ನಿಲ್ಲತ್ತೆ. ಆ ಎಂಟಿಂಚಿನ ಶೂ ಡಬ್ಬ ಇನ್ನೂ ನಮ್ಮನೆ ಅಟ್ಟದ ಮೇಲಿದೆ, ಯಾರದ್ದಾದ್ರೂ 1098 ಮೈನರ್ ಇದ್ರೆ ಹೇಳಿ, ಆದ್ರೆ ಮೊದ್ಲು ಡ್ರಮ್ ಅಳ್ಕೊಂಡು ಬನ್ನಿ.