ಸೋಮವಾರ ನಾವೊಶಿಮಾಗೆ ಹೋಗಿ ನಾವು ಪಟ್ಟ ಪಾಡು

ತಕಮತ್ಸು ಕಡೆ ಹೋಗುವವರಿದ್ದರೆ ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ನಮ್ಮದು ಒಂದು ದಿನ ಪೂರ್ತಿ ಹಾಳಾಯಿತು. ತಪ್ಪು ನನ್ನದೇ.

ತಕಮತ್ಸು ಜಪಾನಿನ ಶಿಕೊಕು ದ್ವೀಪದ ಬಂದರು ಊರು. ಅಲ್ಲೇ ರೂಮು ಮಾಡಿ, ಬೆಳಗ್ಗೆ ಹೋಗಿ ಸಂಜೆ ಬರುವ ಹಾಗೆ ಸುತ್ತಾಡೋಣ ಅಂತ ನಾನು, ನನ್ನಾಕೆ, ಅಮ್ಮ ಹೋಗಿದ್ದೆವು. ಮೊದಲು ನಾವೊಶಿಮಾ ದ್ವೀಪ. ಫೆರಿಯಲ್ಲಿ ಬರೀ 50 ನಿಮಿಷ. ಇಷ್ಟು ಹತ್ತಿರಕ್ಕೆ ಪ್ಲಾನ್ ಯಾಕೆ ಅಂತ ಸುಮ್ನೆ ಹೊರಟೆ.

ಇಳಿದ ಮೇಲೆ ಗೊತ್ತಾಯಿತು, ಸೋಮವಾರ ಚಿಚು ಮ್ಯೂಸಿಯಂಗೆ ರಜೆ. ವಾಸ್ತುಶಿಲ್ಪಿ ತದಾವೊ ಆಂಡೊ ನೆಲದೊಳಗೆ ಕಟ್ಟಿದ್ದು, ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ ಬರೆದ ನೈದಿಲೆ ಕೊಳದ ಚಿತ್ರಗಳು ಇರುವುದು ಅಲ್ಲೇ. ನಾವು ಹೋಗಿದ್ದೇ ಅದಕ್ಕೆ! ಸೋಮವಾರ ಸರ್ಕಾರಿ ರಜೆ ಬಿದ್ದರೆ ಅವತ್ತು ತೆರೆದು ಮಂಗಳವಾರ ಮುಚ್ಚುತ್ತಾರೆ. ಟಿಕೆಟನ್ನೂ ಮೊದಲೇ ಆನ್‌ಲೈನಿನಲ್ಲಿ, ಇಂಥ ಹೊತ್ತಿಗೆ ಅಂತ ತೆಗೆದುಕೊಳ್ಳಬೇಕು.

ಉಳಿದದ್ದು ಕಲಾವಿದೆ ಯಯೊಯಿ ಕುಸಾಮಾ ಅವರ ಹಳದಿ ಕುಂಬಳಕಾಯಿ ಶಿಲ್ಪ. ಸಮುದ್ರದ ಕಟ್ಟೆಯ ತುದಿಯಲ್ಲಿ ಬಯಲಲ್ಲೇ ಇದೆ, ರಜೆಯ ಗೊಡವೆ ಇಲ್ಲ. 2021ರ ಚಂಡಮಾರುತಕ್ಕೆ ಕೊಚ್ಚಿಹೋಗಿ, 2022ರಲ್ಲಿ ಮತ್ತೆ ಬಂದು ಕೂತದ್ದು. ಅಮ್ಮ ಅದರ ಪಕ್ಕ ಕೂತು ಅವಲಕ್ಕಿ ಡಬ್ಬಿ ಬಿಚ್ಚಿದರು. (ತಕಮತ್ಸುವಿನ ಹೆಸರಾಂತ ಉಡೊನ್ ಅನ್ನೋ ದಪ್ಪ ನೂಡಲ್ಸ್‌ನ ಸಾರಿಗೆ ಒಣಮೀನು ಹಾಕುತ್ತಾರೆ. ಸಸ್ಯಾಹಾರಿಗಳು ಡಬ್ಬಿ ಮರೆಯಬೇಡಿ.) ಫೋಟೊ, ಹರಟೆ ಅಂತ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಬಸ್ಸು ತಪ್ಪಿತು.

ತಕಮತ್ಸುಗೆ ಕೊನೆಯ ಫೆರಿ ಸಂಜೆ 5ಕ್ಕೆ. ಬಂದರು ತಲುಪುವಾಗ 5 ದಾಟಿ ಎರಡು ನಿಮಿಷ. ಹಗ್ಗ ಬಿಚ್ಚಿಯಾಗಿತ್ತು. ಕಾರು ಹತ್ತಿಸುವ ಆ ದೊಡ್ಡ ಕಬ್ಬಿಣದ ಬಾಗಿಲು ನಮ್ಮ ಕಣ್ಣೆದುರೇ ಮೇಲೇರುತ್ತಿತ್ತು. ನಾನು ಕೈ ಬೀಸಿದೆ. ದಡದಲ್ಲಿದ್ದವರು ಎರಡು ಕೈ ಅಡ್ಡಡ್ಡ ಹಿಡಿದು ತೋರಿಸಿದರು. ಆಗಲ್ಲ ಅಂತ. ಎರಡೇ ನಿಮಿಷ ಅಲ್ವಾ ಅಂತ ಅಮ್ಮ ಗೊಣಗಿದರು.

ಎದುರು ದಡದ ಉನೊ ಬಂದರಿಗೆ ಹಡಗು ಇನ್ನೂ ಇತ್ತು, 20 ನಿಮಿಷದ ದಾರಿ. ಅಲ್ಲಿಂದ ತಕಮತ್ಸುಗೆ ನೇರ ಫೆರಿ ಇದೆ ಅಂತ ಎಲ್ಲೋ ಓದಿದ್ದ ನೆನಪಲ್ಲಿ ಹತ್ತಿಬಿಟ್ಟೆ. ಆ ಫೆರಿ 2019ರ ಡಿಸೆಂಬರಿನಲ್ಲೇ ನಿಂತಿದೆ! ಹಳೇ ಬರಹ ನಂಬಿದ್ದಕ್ಕೆ ಸಿಕ್ಕ ಫಲ. ಕೊನೆಗೆ ಉನೊದಿಂದ ರೈಲು, ಚಯಾಮಚಿಯಲ್ಲಿ ಇಳಿದು ಇನ್ನೊಂದು ರೈಲು, ಸೆತೊ ದೊಡ್ಡ ಸೇತುವೆ ದಾಟಿ ಸುತ್ತು ಹೊಡೆದು ತಕಮತ್ಸು ಸೇರಿದೆವು. ಕತ್ತಲಲ್ಲಿ ಸೇತುವೆಯಿಂದ ಸಮುದ್ರವೂ ಕಾಣಲಿಲ್ಲ. ಅಮ್ಮ ನಿದ್ದೆ ಹೋಗಿದ್ದರು, ನನ್ನಾಕೆ ಮಾತು ಬಿಟ್ಟಿದ್ದಳು.

ರಾತ್ರಿ ಮೆಲ್ಲಗೆ, "ನಾಳೆ ತೆಶಿಮಾ ದ್ವೀಪದ ಮ್ಯೂಸಿಯಂ ನೋಡೋಣ್ವಾ?" ಅಂದೆ. ಅವಳು ಏನೂ ಹೇಳದೆ ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದಳು. ತೆಶಿಮಾಗೆ ಮಂಗಳವಾರ ರಜೆ.