ಗೋಡೆ ಕಲೆಗೆ ಯಾವುದು ಒಳ್ಳೆಯದು: ಪಾತ್ರೆ ಲಿಕ್ವಿಡ್, ಅಡುಗೆ ಸೋಡಾ, ಸ್ಪಿರಿಟ್, ಮ್ಯಾಜಿಕ್ ಸ್ಪಂಜ್?

ಈ ನಾಲ್ಕನ್ನೂ ಮ್ಯಾಟ್ (ಹೊಳಪಿಲ್ಲದ) ಎಮಲ್ಷನ್, ಸ್ಯಾಟಿನ್ (ತುಸು ಹೊಳಪಿನ) ಎಮಲ್ಷನ್, ಡಿಸ್ಟೆಂಪರ್ (ಸುಣ್ಣದಂತೆ ಪುಡಿ ಬಿಡುವ ಅಗ್ಗದ ಬಣ್ಣ) ಮೂರೂ ಬಗೆಯ ಗೋಡೆಗೆ ಹಚ್ಚಿ ನೋಡಿದ್ದೇವೆ. ಯಾವುದು ಗೆಲ್ಲುತ್ತದೆ ಅನ್ನುವುದು ಕಲೆಗಿಂತ ಹೆಚ್ಚಾಗಿ ಗೋಡೆಯ ಬಣ್ಣದ ಮೇಲೆ ನಿಂತಿದೆ. ಮೊದಲು ಮೂಲೆಯಲ್ಲಿ ಒದ್ದೆ ಬೆರಳಿನಿಂದ ಉಜ್ಜಿ. ಬೆರಳಿಗೆ ಪುಡಿ ಹತ್ತಿದರೆ ಅದು ಡಿಸ್ಟೆಂಪರ್ ಅಥವಾ ಸುಣ್ಣ. ನೀರು ತಾಗಿದರೆ ಕಲೆಯ ಜೊತೆ ಬಣ್ಣವೂ ಬರುತ್ತದೆ, ಹಾಗಾಗಿ ಒಣ ಬಟ್ಟೆ, ಪೆನ್ಸಿಲ್ ರಬ್ಬರಿಗಿಂತ ಮುಂದೆ ಹೋಗಬೇಡಿ. ತಲೆ ಒರಗಿಸಿದ ಎಣ್ಣೆ ಕಲೆ ಒಳಗಿಳಿದಿದ್ದರೆ ಆ ಜಾಗ ಕೆರೆದು, ಆಯಿಲ್ ಪ್ರೈಮರ್ (ಬಣ್ಣದ ಕೆಳಗೆ ಬಳಿಯುವ ಮೊದಲ ಲೇಪ) ಹೊಡೆದು, ಮತ್ತೆ ಬಣ್ಣ ಬಳಿಯುವುದೇ ದಾರಿ.

ಎಮಲ್ಷನ್ ಗೋಡೆಗೆ ಪಾತ್ರೆ ತೊಳೆಯುವ ಲಿಕ್ವಿಡ್ಡೇ ನಮ್ಮ ಮೊದಲ ಆಯ್ಕೆ. ಒಗ್ಗರಣೆ ಜಿಡ್ಡು, ಸ್ವಿಚ್ ಬೋರ್ಡ್ ಸುತ್ತಲಿನ ಕೈಕೊಳೆ, ಸೋಫಾ ಹಿಂದಿನ ಎಣ್ಣೆ ಪಟ್ಟಿ ಎಲ್ಲಕ್ಕೂ ಇದು ಸಾಕು. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 1 ಟೀ ಚಮಚ. ಹಳೆಯ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕೆಳಗಿನಿಂದ ಮೇಲಕ್ಕೆ ಒರೆಸಿ. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣ ಗೋಡೆಯ ಮೇಲೆ ಇಳಿದು ಗೆರೆ ಬೀಳುತ್ತದೆ, ಆ ಗೆರೆ ತೆಗೆಯುವುದು ಮೂಲ ಕಲೆಗಿಂತ ಕಷ್ಟ. ಕೊನೆಗೆ ಬರೀ ನೀರಿನಲ್ಲಿ ಹಿಂಡಿದ ಇನ್ನೊಂದು ಬಟ್ಟೆಯಿಂದ ಒರೆಸದಿದ್ದರೆ ಉಳಿದ ಸೋಪಿಗೆ ಧೂಳು ಬೇಗ ಅಂಟುತ್ತದೆ. ಸ್ವಿಚ್ ಹತ್ತಿರ ಮೇನ್ ಆಫ್ ಮಾಡಿಯೇ ಕೈ ಹಾಕಿ.

ಅಡುಗೆ ಸೋಡಾ ಕ್ರೇಯಾನ್ ಮತ್ತು ಪೆನ್ಸಿಲ್ ಗೆರೆಗೆ ಚೆನ್ನ. 3 ಚಮಚ ಸೋಡಾಕ್ಕೆ 1 ಚಮಚ ನೀರು ಕಲಸಿ, ಮೆತ್ತಗೆ ಉಜ್ಜಿ. ಗಾಢ ಬಣ್ಣದ ಮ್ಯಾಟ್ ಮೇಲೆ ಬಿಳಿ ಮಂಕು ಉಳಿಯುತ್ತದೆ, ಎರಡು ಸಲ ಒರೆಸಬೇಕು. ಅರಿಶಿನದ ಕಲೆಗೆ ಮಾತ್ರ ಇದನ್ನು ಮುಟ್ಟಿಸಲೇಬೇಡಿ. ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಓಕುಳಿ ಕೆಂಪಾಗುವುದು ಕ್ಷಾರದಿಂದ. ಸೋಡಾವೂ ಬಟ್ಟೆ ಸೋಪೂ ಕ್ಷಾರವೇ, ಹಳದಿ ಕಲೆ ಕೆಂಗಂದಾಗಿ ಎದ್ದು ಕಾಣುತ್ತದೆ.

ಅರಿಶಿನಕ್ಕೂ ಬಾಲ್‌ಪೆನ್, ಮಾರ್ಕರ್ ಗೆರೆಗೂ ಸ್ಪಿರಿಟ್ಟೇ ಸರಿ. ಅರಿಶಿನದ ಬಣ್ಣ ನೀರಿನಲ್ಲಿ ಕರಗದು, ಆಲ್ಕೋಹಾಲಿನಲ್ಲಿ ಕರಗುತ್ತದೆ. ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ಹಾಕಿ, ಅಂಚಿನಿಂದ ನಡುವಿಗೆ ಒತ್ತಿ ಒತ್ತಿ ತೆಗೆಯಿರಿ. ಹತ್ತಿಯನ್ನು ಆಗಾಗ ಬದಲಿಸಿ, ಇಲ್ಲದಿದ್ದರೆ ಇಂಕು ಹರಡುತ್ತದೆ. ಎಮಲ್ಷನ್ ಬಣ್ಣವೂ ಇದಕ್ಕೆ ಮೆತ್ತಗಾಗುತ್ತದೆ. ಹತ್ತಿಗೆ ಗೋಡೆಯ ಬಣ್ಣ ಕಂಡ ತಕ್ಷಣ ನಿಲ್ಲಿಸಿ. ಒಲೆ, ದೀಪ ಆರಿಸಿ, ಕಿಟಕಿ ತೆರೆದಿರಲಿ. ಉಳಿದ ತೆಳು ಹಳದಿಯನ್ನು ಬಿಸಿಲು ಬೀಳುವ ಗೋಡೆಯಾದರೆ ಬಿಸಿಲೇ ಮಂಕಾಗಿಸುತ್ತದೆ.

ಮ್ಯಾಜಿಕ್ ಸ್ಪಂಜ್ ಎಂದು ಮಾರುವ ಮೆಲಮೈನ್ ಫೋಮ್ ನಾಲ್ಕರಲ್ಲೂ ವೇಗದ್ದು, ಅಪಾಯವೂ ಇದರದ್ದೇ ಹೆಚ್ಚು. ಅದು ಕಲೆಯನ್ನು ಕರಗಿಸುವುದಿಲ್ಲ, ನಯವಾದ ಮರಳುಕಾಗದದಂತೆ ಉಜ್ಜಿ ತೆಗೆಯುತ್ತದೆ. ಮ್ಯಾಟ್ ಗೋಡೆಯಲ್ಲಿ ಉಜ್ಜಿದ ಜಾಗ ಹೊಳೆಯುತ್ತದೆ, ಹೊಳೆಯುವ (ಗ್ಲಾಸಿ) ಬಣ್ಣದಲ್ಲಿ ಹೊಳಪು ಹೋಗುತ್ತದೆ. ಬದಿಯಿಂದ ಟ್ಯೂಬ್‌ಲೈಟ್ ಬೆಳಕು ಬಿದ್ದಾಗ ಈ ಎರಡೂ ಗುರುತು ಎದ್ದು ಕಾಣುತ್ತವೆ. ಸ್ಯಾಟಿನ್ ಮೇಲಿನ ಶೂ ಗುರುತಿಗೆ, ಬೇರೇನೂ ಕೆಲಸ ಮಾಡದಾಗ, ಹಗುರ ಕೈಯಲ್ಲಿ ಬಳಸಿ.

ಮಲೆನಾಡು, ಕರಾವಳಿಯ ಮಳೆಗಾಲದ ಕಪ್ಪು ಬೂಸ್ಟಿಗೆ ಈ ನಾಲ್ಕೂ ಸಾಲವು. 10 ಪಾಲು ನೀರಿಗೆ 1 ಪಾಲು ಬ್ಲೀಚ್ ದ್ರಾವಣ, 10 ನಿಮಿಷ ಬಿಟ್ಟು ಒರೆಸಿ ಒಣಗಿಸಿ. ಅದಕ್ಕೆ ವಿನೆಗರ್, ಟಾಯ್ಲೆಟ್ ಆ್ಯಸಿಡ್ ಬೆರೆತರೆ ವಿಷಕಾರಿ ಕ್ಲೋರಿನ್ ಗಾಳಿ ಏಳುತ್ತದೆ. ಗೋಡೆಗೆ ನೀರು ಇಳಿಯುವುದು ನಿಲ್ಲದಿದ್ದರೆ ಬೂಸ್ಟು ಮತ್ತೆ ಬರುತ್ತದೆ.

ವಾಲ್‌ಪೇಪರಿನಲ್ಲಿ ರೋಲಿನ ಲೇಬಲ್ ನೋಡಿ. ಒಂದು ಅಲೆ ಗುರುತಿದ್ದರೆ ಒದ್ದೆ ಸ್ಪಂಜ್ ಮಾತ್ರ, ಎರಡಿದ್ದರೆ ಲಿಕ್ವಿಡ್ ನೀರು, ಬ್ರಷ್ ಚಿತ್ರವೂ ಇದ್ದರೆ ಉಜ್ಜಬಹುದು. ತೊಳೆಯಲಾಗದ ಕಾಗದದ್ದಕ್ಕೆ ಕೈಗೆ ಅಂಟದಂತೆ ಗಟ್ಟಿಯಾಗಿ ನಾದಿದ ಹಿಟ್ಟಿನ ಮುದ್ದೆ ಉರುಳಿಸಿದರೆ ಮೇಲಿನ ಮಸಿ, ಧೂಳು ಹತ್ತಿಕೊಂಡು ಬರುತ್ತದೆ. ಮಕ್ಕಳ ಪ್ಲೇ-ಡೋ ಕೂಡ 1956ರಲ್ಲಿ ಆಟಿಕೆಯಾಗುವ ಮೊದಲು ಅಮೆರಿಕದಲ್ಲಿ ಕಲ್ಲಿದ್ದಲ ಮಸಿ ತೆಗೆಯುವ ವಾಲ್‌ಪೇಪರ್ ಕ್ಲೀನರೇ ಆಗಿತ್ತು. ಯಾವ ವಾಲ್‌ಪೇಪರೇ ಇರಲಿ, ಜೋಡಣೆಯ ಗೆರೆಯ ಉದ್ದಕ್ಕೇ ಒರೆಸಿ. ಅಡ್ಡಕ್ಕೆ ಒರೆಸಿದರೆ ನೀರು ಒಳಗಿಳಿದು ಅಂಟು ಬಿಡುತ್ತದೆ, ಅಂಚು ಏಳುತ್ತದೆ.