ಹೇನಿಗೆ ಬೇವಿನೆಣ್ಣೆಯೋ, ಲೋಷನ್ನೋ, ಸೀರಣಿಗಿಯೋ?

ಶಾಲೆ ಶುರುವಾಗಿ ತಿಂಗಳೊಪ್ಪತ್ತು ಆಗುವಷ್ಟರಲ್ಲಿ ಕೊಪ್ಪಳದ ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳಿರುವ ಮನೆಗಳದ್ದೆಲ್ಲ ಒಂದೇ ಪಾಡು. ಕಟ್ಟೆ ಮೇಲೆ ತಾಯಿ, ಅವಳ ಮುಂದೆ ತಲೆ ಬಗ್ಗಿಸಿ ಕುಂತ ಮಗಳು. ನನಗೂ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಏಳನೇ ತರಗತಿ, ಸೊಂಟ ಮುಟ್ಟುವ ದಟ್ಟ ಕೂದಲು. ಚಿಕ್ಕವಳು ಒಂದನೇ ತರಗತಿ, ಭುಜದವರೆಗಿನ ತೆಳು ಕೂದಲು. ಒಬ್ಬಳಿಗೆ ಹೇನು ಬಿದ್ದರೆ ಇನ್ನೊಬ್ಬಳಿಗೂ ಬಿದ್ದಂತೆಯೇ. ಮನೆಯವರು, ನೆರೆಯವರು, ಮೆಡಿಕಲ್ ಅಂಗಡಿಯವರು ಹೇಳಿದ್ದರಲ್ಲಿ ಮಕ್ಕಳಿಗೆ ಅಪಾಯವಿಲ್ಲದ್ದನ್ನೆಲ್ಲ ಮಾಡಿ ನೋಡಿದ್ದೇನೆ. ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಒದ್ದೆ ಕೂದಲಲ್ಲಿ ಎಳೆಯುವ ಸ್ಟೀಲ್ ಸೀರಣಿಗಿಗೆ ಮೊದಲ ಸ್ಥಾನ, ಲೋಷನ್ ಅದರ ಜೊತೆಗಾರ, ಉಳಿದವೆಲ್ಲ ಇವುಗಳ ಹಿಂದೆ.

ಹೇನಿನ ಲೆಕ್ಕ ಗೊತ್ತಿದ್ದರೆ ಈ ತೀರ್ಮಾನ ಯಾಕೆಂದು ತಿಳಿಯುತ್ತದೆ. ಹೆಣ್ಣುಹೇನು ದಿನಕ್ಕೆ 8ರವರೆಗೆ ಮೊಟ್ಟೆ ಇಡುತ್ತದೆ. ಅದೇ ಸೀರು. ನೆತ್ತಿಯ ಶಾಖ ಸಿಗಲೆಂದು ಕೂದಲ ಬುಡಕ್ಕೇ ಅಂಟಿಸಿರುತ್ತದೆ. ಒಂದು ವಾರದಿಂದ 10 ದಿನದೊಳಗೆ ಸೀರು ಒಡೆದು ಮರಿ ಬರುತ್ತದೆ, ಮರಿ ಬಲಿತು ತಾನೂ ಮೊಟ್ಟೆ ಇಡಲು ಮತ್ತೆ ಹತ್ತು ದಿನದ ಆಜುಬಾಜು ಬೇಕು. ಆದ್ದರಿಂದ ಇವತ್ತು ತಲೆಯಲ್ಲಿರುವ ಹೇನೆಲ್ಲ ಸತ್ತರೂ ಸೀರು ಉಳಿದಿದ್ದರೆ ಮುಂದಿನ ವಾರ ಮೊದಲಿನ ಪಾಡೇ. ಯಾವುದೇ ಉಪಾಯವನ್ನು ಅಳೆಯಬೇಕಾದದ್ದು ಎಷ್ಟು ಹೇನು ಉದುರಿದವು ಎಂಬುದರಿಂದಲ್ಲ, ಹತ್ತು ಹದಿನೈದು ದಿನದ ನಂತರ ತಲೆಯಲ್ಲಿ ಏನಿದೆ ಎಂಬುದರಿಂದ.

ನಮ್ಮ ಮನೆಯಲ್ಲಿ ಮೊದಲು ಬಂದದ್ದು ಬೇವಿನೆಣ್ಣೆ. "ನಮ್ಮ ಕಾಲದಾಗ ಯಾವ ಲೋಷನ್ನೂ ಇರಲಿಲ್ಲವಾ, ಬೇವಿನ ಎಣ್ಣಿ ಹಚ್ಚಿ ರಾತ್ರಿ ಬಿಡು, ಮುಂಜಾನೆ ಎಲ್ಲಾ ಸತ್ತಿರ್ತಾವ" ಅಂದರು ಅತ್ತೆ. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ, ಹಳೇ ಪಂಚೆ ಸುತ್ತಿ ಮಲಗಿಸಿದೆ. ಕಡಿತ ಮರುದಿನವೇ ಎಷ್ಟೋ ಕಡಿಮೆಯಾಯಿತು, ಕೆರೆದು ಆಗಿದ್ದ ಗಾಯವೂ ಒಣಗಿತು. ಅಷ್ಟರಮಟ್ಟಿಗೆ ಅತ್ತೆಯ ಮಾತು ಖರೆ. ಆದರೆ ತಲೆಸ್ನಾನ ಮಾಡಿಸಿ ಬೈತಲೆ ತೆಗೆದು ನೋಡಿದರೆ ಮಂಕಾಗಿದ್ದ ಹೇನುಗಳು ಮತ್ತೆ ನಿಧಾನಕ್ಕೆ ಹರಿದಾಡುತ್ತಿದ್ದವು. ಹೇನು ಉಸಿರಾಟದ ರಂಧ್ರ ಮುಚ್ಚಿಕೊಂಡು ತಾಸುಗಟ್ಟಲೆ ತಡೆಯಬಲ್ಲದು, ನೀರಿನಲ್ಲೂ ಹಾಗೆಯೇ. ಸೀರಿಗಂತೂ ಎಣ್ಣೆ ಏನೂ ಮಾಡಲಿಲ್ಲ. ವಾಸನೆಗೆ ದೊಡ್ಡವಳು ಶಾಲೆಗೇ ಹೋಗುವುದಿಲ್ಲವೆಂದು ಹಟ ಹಿಡಿದಳು. ಎಣ್ಣೆಯ ನಿಜವಾದ ಉಪಯೋಗ ಬೇರೆ: ಹೇನು ಮಂಕಾಗಿರುತ್ತವೆ, ಕೂದಲು ಜಾರುತ್ತದೆ, ಅದೇ ಹೊತ್ತಿಗೆ ಸೀರಣಿಗಿ ಹಾಕಿದರೆ ಕೆಲಸ ಹಗುರ. ಸಣ್ಣ ಮಕ್ಕಳಿದ್ದರೆ ಬಾಟಲಿ ಮೇಲಿಡಿ. ಬೇವಿನೆಣ್ಣೆ ಕೂಸಿನ ಹೊಟ್ಟೆಗೆ ಹೋದರೆ ವಾಂತಿ, ಫಿಟ್ಸ್‌ವರೆಗೂ ಹೋಗಬಹುದು. ಕರ್ಪೂರ ಬೆರೆಸುವವರೂ ಇದ್ದಾರೆ. ಕರ್ಪೂರವೂ ನುಂಗಿದರೆ ಫಿಟ್ಸ್ ತರುವಂಥದ್ದೇ, ಅದಕ್ಕೆ ನಾನು ಬೆರೆಸಲಿಲ್ಲ.

ಆಮೇಲೆ ಕಿರಾಣಿ ಅಂಗಡಿಯಲ್ಲಿ ಸಿಗುವ ಗಿಡಮೂಲಿಕೆಯ ಹೇನಿನ ಶಾಂಪೂ. ಅದರ ಬಗ್ಗೆ ಬಹಳ ಹೇಳುವುದಿಲ್ಲ. ಕಡಿಮೆ ಹೇನಿರುವ ತಲೆಗೆ, ಚಿಕ್ಕವಳ ತೆಳು ಕೂದಲಿಗೆ ಪರವಾಗಿಲ್ಲ. ದೊಡ್ಡವಳ ಕೂದಲಿಗೆ ನಮ್ಮ ಬೋರಿನ ಗಡಸು ನೀರಲ್ಲಿ ನೊರೆಯೇ ಬರಲಿಲ್ಲ, ಬುಡ ಮುಟ್ಟಲಿಲ್ಲ.

ಪರ್ಮೆಥ್ರಿನ್ ಲೋಷನ್ ಇವೆರಡಕ್ಕಿಂತ ಬೇರೆಯೇ ದರ್ಜೆಯದು. ಚರ್ಮದ ಡಾಕ್ಟರಿಗೆ ತೋರಿಸಿ ಬರೆಸಿಕೊಂಡೇ ತಂದೆ. ತಲೆಗೆ ಬಳಸುವುದು ಶೇ 1ರದ್ದು. ಮೆಡಿಕಲ್ ಅಂಗಡಿಯಲ್ಲಿ ಶೇ 5ರ ಕ್ರೀಮೂ ಇರುತ್ತದೆ, ಅದು ಕಜ್ಜಿಗೆ. ಕೊಳ್ಳುವಾಗ ಡಬ್ಬಿಯ ಮೇಲೆ ನೋಡಿಯೇ ತೆಗೆದುಕೊಳ್ಳಿ. ಇದು ಹೇನಿನ ನರಗಳಿಗೆ ಲಕ್ವ ಹೊಡೆಸಿ ಕೊಲ್ಲುತ್ತದೆ. ಹಚ್ಚಿ 10 ನಿಮಿಷ ಬಿಟ್ಟು ತೊಳೆದಾಗ ಟವೆಲ್ ಮೇಲೆ ಬಿದ್ದ ಹೇನುಗಳಲ್ಲಿ ಕಾಲು ಆಡಿಸುವಂಥವು ಒಂದೆರಡು ಇದ್ದಿದ್ದರೆ ಹೆಚ್ಚು. ಅಷ್ಟು ಚುರುಕಾಗಿ ಬೇರೆ ಯಾವುದೂ ಕೆಲಸ ಮಾಡಲಿಲ್ಲ.

ಆದರೆ ನಮ್ಮ ಕಡೆ ಇದನ್ನು ಹಚ್ಚಿ "ಏನೂ ಆಗಲಿಲ್ಲ" ಎನ್ನುವವರೇ ಜಾಸ್ತಿ. ನನ್ನ ನೋಟದಲ್ಲಿ ಕಾರಣ ಎರಡು. ಒಂದು, ಮಕ್ಕಳ ತಲೆ ಯಾವಾಗಲೂ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದಂತಿರುತ್ತದೆ, ಅದರ ಮೇಲೆಯೇ ಲೋಷನ್ ಸುರಿಯುತ್ತಾರೆ. ಮೊದಲು ಸಾದಾ ಶಾಂಪೂ ಹಾಕಿ ಜಿಡ್ಡು ಪೂರಾ ತೆಗೆದು, ಟವೆಲ್‌ನಿಂದ ಒರೆಸಿದ ಹಸಿಗೂದಲಿಗೆ ಹಚ್ಚಬೇಕು. ಆಗ ಕಂಡೀಷನರ್ ಬೇಡ, ಆಮೇಲೂ ಒಂದೆರಡು ದಿನ ಶಾಂಪೂ ಬೇಡ. ಎರಡನೆಯದು, ಒಂದು ಸಲ ಹಚ್ಚಿ ಬಿಟ್ಟುಬಿಡುತ್ತಾರೆ. ಹೊಸದಾಗಿ ಇಟ್ಟ ಸೀರಿನೊಳಗೆ ಮೊದಲ ಕೆಲವು ದಿನ ನರಮಂಡಲವೇ ಇನ್ನೂ ಮೂಡಿರುವುದಿಲ್ಲ, ನರಕ್ಕೆ ಹೊಡೆಯುವ ಔಷಧ ಅದಕ್ಕೆ ತಾಗುವುದಾದರೂ ಹೇಗೆ? ಅದಕ್ಕೇ 9ನೇ ದಿನದ ಹೊತ್ತಿಗೆ ಇನ್ನೊಂದು ಸಲ ಹಚ್ಚಬೇಕು. ಉಳಿದ ಸೀರು ಒಡೆದು ಮರಿ ಹೊರಬಂದಿರುತ್ತದೆ, ಮೊಟ್ಟೆ ಇಡುವಷ್ಟು ಬಲಿತಿರುವುದಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ಸಲ ಸರಿಯಾಗಿ ಹಚ್ಚಿದ ಮೇಲೂ ಹೇನು ಓಡಾಡುತ್ತಿದ್ದರೆ ಅವು ಔಷಧಕ್ಕೆ ಒಗ್ಗಿರಬಹುದು. ಎಷ್ಟೋ ದೇಶಗಳಲ್ಲಿ ಹೀಗಾಗಿದೆ. ಆಗ ಮತ್ತೆ ಮತ್ತೆ ಅದನ್ನೇ ಸುರಿಯಬೇಡಿ, ಡಾಕ್ಟರಿಗೆ ತೋರಿಸಿ ಬೇರೆ ಔಷಧ ಕೇಳಿ.

ಇನ್ನು ಸೀರಣಿಗಿ. ಜಾತ್ರೆಯಲ್ಲಿ ತಂದ ಮರದ್ದು, ಅಂಗಡಿಯ ಪ್ಲಾಸ್ಟಿಕ್‌ದು, ಉದ್ದ ಹಲ್ಲಿನ ಸ್ಟೀಲ್‌ದು, ಮೂರೂ ನಮ್ಮ ಮನೆಯಲ್ಲಿವೆ. ಮರದ್ದು ನೆತ್ತಿಗೆ ಹಿತ, ದೊಡ್ಡ ಹೇನು ಚೆನ್ನಾಗಿ ಬೀಳುತ್ತವೆ, ಸೀರು ಮಾತ್ರ ಹಲ್ಲಿನ ಸಂದಿಯಲ್ಲಿ ನುಸುಳಿ ಅಲ್ಲೇ ಉಳಿಯುತ್ತದೆ. ಪ್ಲಾಸ್ಟಿಕ್‌ದರ ಹಲ್ಲು ದಟ್ಟ ಕೂದಲಲ್ಲಿ ಬಾಗಿ ಸಂದಿ ಅಗಲವಾಗುತ್ತದೆ. ಸ್ಟೀಲ್‌ದು ಬಾಗುವುದಿಲ್ಲ. ಬೆಲೆ ಮರದ್ದಕ್ಕಿಂತ ಹೆಚ್ಚು, ಆದರೆ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ, ಬಿಸಿನೀರಲ್ಲಿ ಹಾಕಿದರೂ ಕೆಡುವುದಿಲ್ಲ.

ಒಣ ಕೂದಲಲ್ಲಿ ಅದನ್ನೂ ಎಳೆಯಬಾರದು. ಹೇನು ಸರಸರ ಸರಿದು ತಪ್ಪಿಸಿಕೊಳ್ಳುತ್ತವೆ, ಮಗು ಕಿರುಚುತ್ತದೆ. ಕೂದಲು ಒದ್ದೆಯಿದ್ದು, ಮೇಲೆ ಜಾರುವಂಥದ್ದು ಏನಾದರೂ ಧಾರಾಳವಾಗಿ ಇರಬೇಕು. ಕಂಡೀಷನರ್ ಇದ್ದರೆ ಸರಿ. ಇಲ್ಲದಿದ್ದರೆ ದಾಸವಾಳದ ಎಲೆ ಕಿವುಚಿ ಸೋಸಿದ ಲೋಳೆ ಅಷ್ಟೇ ಚೆನ್ನಾಗಿ ಜಾರುತ್ತದೆ. ಗಡಸು ನೀರಿಗೆ ಬಿರುಸಾದ ಕೂದಲಿಗೆ ನನಗೆ ಇದೇ ಹೆಚ್ಚು ಹಿಡಿಸಿತು. ಎಳೆಯುವ ಬಗೆಯನ್ನು ಹೇಳಿಕೊಟ್ಟವರು ಪಕ್ಕದ ಮನೆಯ ಅಕ್ಕ. ನಮ್ಮೂರಿಗೆ ಅಂಟಿಕೊಂಡ ಭಾಗ್ಯನಗರದಲ್ಲಿ ಕೂದಲಿನ ಉದ್ಯಮ ದೊಡ್ಡದು. ಅವರು ದಿನವಿಡೀ ಸಿಕ್ಕುಗಟ್ಟಿದ ಕೂದಲು ಬಿಡಿಸುವ ಕೆಲಸ ಮಾಡುವವರು. "ಬುಡದಿಂದ ಯಾಕ ಜಗ್ಗತಿ? ಮೊದಲ ತುದಿ ಬಿಡಸು, ಆಮ್ಯಾಲೆ ನಡುವು, ಕಡೀಕ ಬುಡ" ಅಂದರು. ಹಾಗೇ ಅಗಲ ಹಲ್ಲಿನ ಹಣಿಗಿಯಿಂದ ಸಿಕ್ಕು ಪೂರಾ ಬಿಡಿಸಿ, ಎರಡು ಬೆರಳಗಲದ ಎಳೆ ಬೇರೆ ಮಾಡಿ, ಉಳಿದದ್ದಕ್ಕೆ ಕ್ಲಿಪ್ ಹಾಕಿ, ಸೀರಣಿಗಿಯನ್ನು ನೆತ್ತಿಗೆ ತಾಗಿಸಿ ಒಂದೇ ಎಳೆತಕ್ಕೆ ತುದಿಯವರೆಗೆ ತರಬೇಕು. ಪ್ರತಿ ಎಳೆತಕ್ಕೂ ಬಿಳಿ ಬಟ್ಟೆಗೆ ಒರೆಸಬೇಕು.

ಮಧ್ಯಾಹ್ನದ ಬಿಸಿಲಿಗೆ ಮಾಳಿಗೆಯ ಮೇಲೆ ಕುಂತು ಆ ಬಟ್ಟೆಯನ್ನು ನೋಡಿದರೆ ಎಲ್ಲ ತಿಳಿಯುತ್ತದೆ. ಎಳ್ಳುಕಾಳಿನಷ್ಟಿರುವವು ಬಲಿತ ಹೇನು. ಕಣ್ಣಿಗೆ ಹತ್ತದಷ್ಟು ಸಣ್ಣ ಚುಕ್ಕೆ ಮರಿ. ಕಂದು ಬಣ್ಣದ ತುಂಬಿದ ಸೀರು ಬುಡದ ಹತ್ತಿರದ್ದು, ಬೆಳ್ಳಗೆ ಹೊಳೆಯುವುದು ಒಡೆದುಹೋದ ಖಾಲಿ ಸಿಪ್ಪೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಆದ್ದರಿಂದ ಬುಡದಿಂದ ದೂರವಿರುವ ಬಿಳಿ ಸಿಪ್ಪೆ ಹಳೆಯದು, ಅದಕ್ಕಾಗಿ ಮತ್ತೆ ಲೋಷನ್ ಹಚ್ಚಬೇಕಿಲ್ಲ. ಹೊಟ್ಟು ಬೆರಳಿಗೆ ಸುಲಭವಾಗಿ ಜಾರಿ ಬರುತ್ತದೆ, ಸೀರು ಜಾರುವುದಿಲ್ಲ. ಕಿವಿಯ ಹಿಂದೆ ಮತ್ತು ಕತ್ತಿನ ಹಿಂಭಾಗದಲ್ಲಿ ಎರಡೆರಡು ಸಲ ಎಳೆಯಿರಿ, ಹೆಚ್ಚು ಇರುವುದೇ ಅಲ್ಲಿ.

ದೊಡ್ಡವಳ ಕೂದಲಿಗೆ ಒಂದು ತಾಸಿಗಿಂತ ಕಡಿಮೆ ಹಿಡಿಯುವುದಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ವಾರ ಬಿಡದೆ ಮಾಡಬೇಕು. ಹೊಲಕ್ಕೆ, ಕೂಲಿಗೆ ಹೋಗಿ ಬರುವ ತಾಯಿಗೆ ಇದು ಸಣ್ಣ ಮಾತಲ್ಲ, ಅದು ನನಗೆ ಗೊತ್ತು. ಆದರೂ ಇದನ್ನೇ ಮೊದಲಿಡಲು ಕಾರಣ, ಸೀರನ್ನು ತಲೆಯಿಂದ ಹೊರಗೆ ತರುವುದು ಇದೊಂದೇ. 2005ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒದ್ದೆ ಕೂದಲು ಬಾಚುವ ವಿಧಾನದಿಂದ ಶೇ 57ರಷ್ಟು ಮಕ್ಕಳ ತಲೆ ಸ್ವಚ್ಛವಾದರೆ, ಅಂಗಡಿಯಲ್ಲಿ ಸಿಗುವ ಹೇನಿನ ಔಷಧಗಳಿಂದ ಆದದ್ದು ಶೇ 13 ಮಾತ್ರ. ನಮ್ಮ ಮನೆಯಲ್ಲಿ ಚಿಕ್ಕವಳಿಗೆ ಸೀರಣಿಗಿಯೊಂದೇ ಸಾಕಾಯಿತು. ದೊಡ್ಡವಳಿಗೆ ಲೋಷನ್ ಮತ್ತು ಸೀರಣಿಗಿ ಎರಡೂ ಬೇಕಾದವು.

ತಲೆ ಬೋಳಿಸುವುದು? ಹೇನು ಪೂರ್ತಿ ಹೋಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಲಿಗೆಮ್ಮನ ಹತ್ತಿರ ಜವಳ ತೆಗೆಸಿದ ಕೂಸಿಗೆ ಚೆಂದ ಕಾಣುವುದು ಏಳನೇ ತರಗತಿಯ ಹುಡುಗಿಗೆ ಶಿಕ್ಷೆಯಾಗುತ್ತದೆ. ಅವಳು ಏನು ತಪ್ಪು ಮಾಡಿದ್ದಾಳೆ? ಒಂದೇ ಬೆಂಚಿನಲ್ಲಿ ತಲೆಗೆ ತಲೆ ತಾಗಿಸಿ ಓದಿದ್ದಾಳೆ, ಅಷ್ಟೇ. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ, ಹರಿದೇ ಹೋಗಬೇಕು. ತೊಳೆದ ತಲೆಗೂ ಬೀಳುತ್ತದೆ. ಮಕ್ಕಳ ಮುಂದೆ "ಗಲೀಜು" ಎಂಬ ಮಾತು ಆಡಬೇಡಿ.

ನಾನು ಮನೆಯೊಳಗೇ ಬಿಟ್ಟುಕೊಳ್ಳದವು ಮೂರು. ಸೀತಾಫಲದ ಬೀಜದ ಪುಡಿ ಹೇನನ್ನು ಕೊಲ್ಲುವುದು ನಿಜ. ದೀಪಾವಳಿ ಹೊತ್ತಿಗೆ ಗುಡ್ಡದ ಹಣ್ಣು ಪುಟ್ಟಿಗಟ್ಟಲೆ ಬರುವುದರಿಂದ ಬೀಜಕ್ಕೇನೂ ಕಡಿಮೆಯಿಲ್ಲ. ಆದರೆ ತೊಳೆಯುವಾಗ ಅದರ ನೀರು ಕಣ್ಣಿಗೆ ಇಳಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆ ಸುಟ್ಟಂತಾಗುತ್ತದೆ. ಉರಿ ತಾಳದೆ ಕಣ್ಣಾಸ್ಪತ್ರೆಗೆ ಓಡಿಬಂದವರ ಪ್ರಕರಣಗಳನ್ನು ನಮ್ಮ ದೇಶದ ಕಣ್ಣಿನ ವೈದ್ಯರೇ ದಾಖಲಿಸಿದ್ದಾರೆ. ಎರಡನೆಯದು ಸೀಮೆಎಣ್ಣೆ. ಒಲೆ ಮುಂದೆ ಒಂದು ಕಿಡಿ ಸಾಕು, ಅದರ ಹೊಗೆಯಂಥ ಆವಿಯೂ ಪುಪ್ಪುಸಕ್ಕೆ ಕೆಟ್ಟದ್ದು.

ಮೂರನೆಯದನ್ನು ಬರೆಯುವಾಗ ನನಗೆ ಸಿಟ್ಟೇ ಬರುತ್ತದೆ. ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಹತ್ತಿಗೆ, ಭತ್ತಕ್ಕೆ, ಮೆಣಸಿನಗಿಡಕ್ಕೆ ಹೊಡೆಯಲು ತಂದ ಕೀಟನಾಶಕದ ಎಣ್ಣೆ ಮನೆಯ ಮೂಲೆಯಲ್ಲಿ ಇದ್ದೇ ಇರುತ್ತದೆ. ಹುಳ ಸಾಯುವುದಾದರೆ ಹೇನೂ ಸಾಯುತ್ತದೆಂದು ಅದನ್ನು ಮಗುವಿನ ತಲೆಗೆ ಸವರುವವರಿದ್ದಾರೆ. ಕೆರೆದು ಗಾಯವಾದ ನೆತ್ತಿಯಿಂದ ಆ ವಿಷ ನೇರ ರಕ್ತಕ್ಕೆ ಇಳಿಯುತ್ತದೆ. ಜೊಲ್ಲು, ವಾಂತಿ, ಬೆವರು, ಉಸಿರಾಟದ ತೊಂದರೆ, ಮಗು ಕೈತಪ್ಪುವುದಕ್ಕೂ ಬಹಳ ಹೊತ್ತು ಬೇಕಿಲ್ಲ. ಹಿಂದೆ ಹೀಗೆ ಬಳಸುತ್ತಿದ್ದ ಬಿಎಚ್‌ಸಿ ಎಂಬ ಕೀಟನಾಶಕ ಪುಡಿಯನ್ನು ಸರ್ಕಾರ 1997ರಲ್ಲೇ ನಿಷೇಧಿಸಿದೆ. ಯಾರಾದರೂ ಈಗಾಗಲೇ ಹಚ್ಚಿದ್ದರೆ ಬಟ್ಟೆ ತೆಗೆದು, ಸೋಪು ಹಾಕಿ ತಲೆ ತೊಳೆದು, ಔಷಧದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ.

ಮನೆ ಸ್ವಚ್ಛ ಮಾಡುವ ಭರಾಟೆ ಅಷ್ಟೇನೂ ಬೇಡ. ತಲೆ ಬಿಟ್ಟ ಹೇನು ಒಂದೆರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ದಿಂಬಿನ ಕವರ್, ರಿಬ್ಬನ್, ಟವೆಲ್ ಬಿಸಿನೀರಲ್ಲಿ ಒಗೆದು ನಮ್ಮ ಬಿಸಿಲಿಗೆ ಹಾಕಿದರೆ ಆಯಿತು. ಸೊಳ್ಳೆ ಸ್ಪ್ರೇ ಹೊಡೆಯುವ ಅಗತ್ಯವಿಲ್ಲ. ಅದಕ್ಕಿಂತ ಮುಖ್ಯ, ಮನೆಯಲ್ಲಿ ಜೊತೆಗೆ ಮಲಗುವ ಎಲ್ಲರ ತಲೆಯನ್ನೂ ಒಂದೇ ದಿನ ನೋಡುವುದು, ತಾಯಿಯದನ್ನೂ ಸೇರಿಸಿ. ಮಗಳ ಬೆಂಚಿನಲ್ಲಿ ಕೂರುವ ಹುಡುಗಿಯರ ಮನೆಗಳಿಗೆ ನಾನೇ ಹೋಗಿ ಹೇಳಿದೆ. ಒಬ್ಬರು ಮುಖ ಸಿಂಡರಿಸಿದರು, ಉಳಿದವರು "ನಮ್ಮಾಕಿಗೂ ಆಗ್ಯಾವವ್ವಾ, ಹೇಳಾಕ ನಾಚಿಕಿ" ಅಂದರು. ಎಲ್ಲರೂ ಒಂದೇ ಭಾನುವಾರ ಸೀರಣಿಗಿ ಹಿಡಿದು ಕುಂತೆವು. ಆ ಸಲ ಮಾತ್ರ ದಸರಾ ರಜೆಯವರೆಗೂ ದೊಡ್ಡವಳ ತಲೆಯಲ್ಲಿ ಮತ್ತೆ ಹೇನು ಕಾಣಲಿಲ್ಲ.